ಎರಡು ನದಿಗಳ ನಡುವೆ ಒಂದು ದಿನದ ನಿಧಾನ ಪಯಣ

ಪ್ರವಾಸವೆಂದರೆ ದೂರದ ಊರು, ಹೆಸರಾಂತ ಕ್ಷೇತ್ರ, ಅವಸರದ ದರ್ಶನ ಎಂಬ ಭಾವನೆ ನಮ್ಮ ಅನೇಕ ಕುಟುಂಬಗಳಲ್ಲಿ ಬೇರೂರಿದೆ. ಪೋರ್ಚುಗಲ್‌ನಂತಹ ದೇಶಗಳಲ್ಲಿ ಹಳ್ಳಿಗಾಡಿನ ದಾರಿಗಳಲ್ಲಿ ನಿಧಾನವಾಗಿ ಸಾಗಿ, ಅಲ್ಲಿಯ ಹೊಲ, ತೋಟ, ಊಟಗಳನ್ನು ಕಂಡು ಬರುವುದನ್ನೇ ಜನರು ಪ್ರವಾಸವೆಂದು ಭಾವಿಸುತ್ತಾರೆ. ನಮಗೆ ಇದು ಹೊಸದಲ್ಲ. ಎಳ್ಳು ಅಮಾವಾಸ್ಯೆಯಂದು ಬಂಡಿ ಹೂಡಿ, ಬುತ್ತಿ ಕಟ್ಟಿಕೊಂಡು, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಕೂಡಿ ಉಂಡು ಬರುವ ಪದ್ಧತಿ ನಮ್ಮಲ್ಲಿ ತಲೆತಲಾಂತರದಿಂದ ಬಂದಿದೆ. ಆ ಪದ್ಧತಿಯನ್ನೇ ಸ್ವಲ್ಪ ವಿಸ್ತರಿಸಿ ರಾಯಚೂರು, ದೇವದುರ್ಗ, ಮಾನ್ವಿಗಳನ್ನು ಒಂದು ದಿನದಲ್ಲಿ ಸುತ್ತಿ ಬರಬಹುದು. ಹಿಂಗಾರಿ ಜೋಳ ತೆನೆಗಟ್ಟುವ ದಿನಗಳು ಇದಕ್ಕೆ ಪ್ರಶಸ್ತವಾದವು.

ಪಯಣವನ್ನು ರಾಯಚೂರಿನ ಕೋಟೆಯಿಂದ ಆರಂಭಿಸುವುದು ಉಚಿತ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿಯು ಕಟ್ಟಿಸಿದ ಈ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಬಂಡೆಗಲ್ಲಿದೆ. ಅದರ ಮೇಲೆ ಶಾಸನವಿದೆ. ಆ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲಿನಿಂದ ಎಳೆಸಿದ ಬಗೆಯನ್ನೂ ಗೋಡೆಯ ಮೇಲೆ ಕೆತ್ತಲಾಗಿದೆ. ಅರಸರ ಹೆಸರುಗಳ ಜೊತೆಗೆ ದುಡಿದವರ ಶ್ರಮವೂ ಕಲ್ಲಿನಲ್ಲಿ ಉಳಿದಿರುವುದನ್ನು ಮಕ್ಕಳಿಗೆ ತೋರಿಸಬೇಕು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನಿಂದ ಈ ಕೋಟೆಯನ್ನು ಗೆದ್ದಾಗ ಪೋರ್ಚುಗೀಸ್ ಬಂದೂಕುಗಾರರು ಅವನಿಗೆ ನೆರವಾದರು. ಪೋರ್ಚುಗೀಸನೇ ಆದ ಫೆರ್ನಾವೋ ನೂನಿಜ್ ಆ ಯುದ್ಧದ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಫಲವತ್ತಾದ ಭೂಮಿಗಾಗಿ ಅರಸರು ಶತಮಾನಗಳ ಕಾಲ ಹೋರಾಡಿದರು.

ನಗರವನ್ನು ಬಿಟ್ಟು ಪಶ್ಚಿಮಕ್ಕೆ ಹೊರಟರೆ ದೇವದುರ್ಗದ ಹಾದಿಯಲ್ಲಿ ಗಬ್ಬೂರು ಸಿಗುತ್ತದೆ. ಪ್ರಾಚೀನ ದೇವಾಲಯಗಳೂ ಶಾಸನಗಳೂ ಇಲ್ಲಿ ಹೇರಳವಾಗಿವೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇದು ವಿದ್ಯಾಕೇಂದ್ರವಾಗಿತ್ತು. ಇಲ್ಲಿ ಅವಸರ ಮಾಡಬಾರದು. ಮಲೆಶಂಕರ ದೇವಾಲಯದ ಕಂಬಗಳ ನೆರಳಿನಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತರೂ ಮನಸ್ಸು ಹಗುರಾಗುತ್ತದೆ.

ಮುಂದೆ ಎರೆಭೂಮಿಯ ಬಯಲು ಕಣ್ಣು ಹಾಯುವಷ್ಟು ದೂರ ಹರಡಿಕೊಳ್ಳುತ್ತದೆ. ಜೋಳ, ತೊಗರಿ, ಹತ್ತಿ ಹೊಲಗಳ ಆಚೆ ಕಲ್ಲುಗುಡ್ಡಗಳು ಕಾಣುತ್ತವೆ. ಒಂದು ಕಾಲಕ್ಕೆ ಬೇಡ ನಾಯಕರ ಬಲಿಷ್ಠ ನೆಲೆಯಾಗಿದ್ದ ದೇವದುರ್ಗವು, 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ನೀಡಿದ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿತು. ನಾರಾಯಣಪುರದ ಬಸವಸಾಗರದಿಂದ ಬರುವ ಬಲದಂಡೆ ಕಾಲುವೆ ಕೆಲವು ಹಳ್ಳಿಗಳ ಬಾಳನ್ನು ಹಸನುಗೊಳಿಸಿದೆಯಾದರೂ, ಮಳೆಯನ್ನೇ ನಂಬಿದ ಊರುಗಳಿಂದ ಜನರು ಇಂದಿಗೂ ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ಗುಳೆ ಹೋಗುತ್ತಾರೆ. ಬೀಗ ಹಾಕಿದ ಮನೆಯ ಮುಂದೆ ಕಟ್ಟೆಯ ಮೇಲೆ ಒಬ್ಬಂಟಿಯಾಗಿ ಕುಳಿತ ಹಿರಿಯರನ್ನು ಕಂಡರೆ, ಕ್ಷೇಮ ಸಮಾಚಾರ ಕೇಳದೆ ಮುಂದೆ ಹೋಗಬಾರದು.

ಮಧ್ಯಾಹ್ನದ ಬುತ್ತಿಯನ್ನು ಯಾವುದಾದರೂ ಬೇವಿನ ಮರದ ಕೆಳಗೆ ಬಿಚ್ಚುವುದು ಚೆನ್ನ. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರುಗಳಿಗೆ ಮಿಗಿಲಾದ ಊಟ ಯಾವ ಹೋಟೆಲಿನಲ್ಲಿಯೂ ದೊರೆಯದು. ದಾರಿಹೋಕರಿಗೂ ಎರಡು ರೊಟ್ಟಿ ಮಿಕ್ಕುವಂತೆ ಕಟ್ಟಿಕೊಂಡು ಹೋಗುವುದು ನಮ್ಮ ಮನೆಗಳ ದಾಸೋಹ ಸಂಪ್ರದಾಯಕ್ಕೆ ಒಪ್ಪುವಂಥದು.

ದೇವದುರ್ಗದಿಂದ ದಕ್ಷಿಣಕ್ಕೆ ಸಿರವಾರದ ಮೂಲಕ ಮಾನ್ವಿಯ ಕಡೆಗೆ ಸಾಗಿದಂತೆ ನೆಲದ ಬಣ್ಣ ಬದಲಾಗುತ್ತದೆ. 1953ರಿಂದ ತುಂಗಭದ್ರಾ ಅಣೆಕಟ್ಟಿನ ನೀರು ಎಡದಂಡೆ ಕಾಲುವೆಯಲ್ಲಿ ಹರಿಯತೊಡಗಿದ ಮೇಲೆ ಜೋಳದ ನಾಡಿನಲ್ಲಿ ಭತ್ತ ಬೆಳೆಯಿತು. ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರು ಬಾಳಿದ ಮಾನ್ವಿಯ ಸುತ್ತ, ನೀರು ಬಂದ ವರ್ಷ ಹಸಿರು ಗದ್ದೆಗಳು ಕಂಗೊಳಿಸುತ್ತವೆ. ಆದರೆ ಸುಮಾರು 227 ಕಿಲೋಮೀಟರ್ ಉದ್ದದ ಈ ಕಾಲುವೆಯ ಕೆಳಭಾಗದಲ್ಲಿ ಮಾನ್ವಿ, ರಾಯಚೂರು ತಾಲ್ಲೂಕುಗಳಿವೆ. ಮೇಲಿನವರು ಮಿತಿಮೀರಿ ನೀರನ್ನು ಸೆಳೆದರೆ ಕೊನೆಭಾಗದ ರೈತನ ಹೊಲ ಒಣಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಈ ಹಳ್ಳಿಗಳು ಅನುಭವಿಸಿದ ಆತಂಕ ಅಷ್ಟಿಷ್ಟಲ್ಲ. ತನ್ನ ಪಾಲಿಗಿಂತ ಹೆಚ್ಚನ್ನು ಬಯಸದಿರುವುದು ಎಷ್ಟು ದೊಡ್ಡ ಧರ್ಮವೆಂಬುದನ್ನು ಕಾಲುವೆಯ ಕೊನೆಯಲ್ಲಿ ನಿಂತು ನೋಡಿದವರೇ ಬಲ್ಲರು.

ಒಂದೇ ಜಿಲ್ಲೆ, ಎರಡು ನದಿಗಳು, ಒಂದೇ ಹಗಲಿನ ದಾರಿ. ಆದರೂ ಒಂದು ಕಡೆ ಗುಳೆಯ ಸಂಕಟ, ಇನ್ನೊಂದು ಕಡೆ ನೀರಿನ ಸರದಿಗಾಗಿ ಕಾಯುವ ಚಿಂತೆ. ವೇಗವಾಗಿ ಓಡುವ ವಾಹನದ ಕಿಟಕಿಯಿಂದ ಇವು ಕಾಣುವುದಿಲ್ಲ. ಪಟ್ಟಣದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ತಾವು ಉಣ್ಣುವ ರೊಟ್ಟಿಯ, ಅನ್ನದ ಹಿಂದಿನ ಕಾಯಕವನ್ನು ಅರಿಯಬೇಕಾದರೆ ಇಂತಹ ಪಯಣಗಳು ಅವಶ್ಯ. ಈ ಸಲದ ರಜೆಯಲ್ಲಿ ದೂರದ ಊರಿಗೆ ಟಿಕೇಟು ಕಾಯ್ದಿರಿಸುವ ಮೊದಲು, ಮನೆಯ ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಒಂದು ದಿನ ಈ ದಾರಿಯಲ್ಲಿ ನಿಧಾನವಾಗಿ ಸಾಗಿ ಬನ್ನಿ. ಯಾವ ಹೊಲದಲ್ಲಿ ಯಾವ ಬೆಳೆ, ಯಾವ ಹಳ್ಳದಲ್ಲಿ ಎಂದು ನೀರು ಎಂಬುದನ್ನು ಅವರೇ ಮಕ್ಕಳಿಗೆ ಹೇಳಿಕೊಡುವರು.