ನಿಮಗಿದು ಗೊತ್ತೆ? ಕೊಡವರ ಕೋವಿಗೆ ಲೈಸೆನ್ಸ್ ಬೇಡ
ಬೆಂಗಳೂರಿನ ಹಲಸೂರು, ಇಂದಿರಾನಗರದ ನಿವಾಸಿಗಳು ಕೋವಿ ಇಟ್ಟುಕೊಳ್ಳಲು ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯಿಂದ ಲೈಸೆನ್ಸ್ ಪಡೆಯಬೇಕು. ಅದೇ ಬೀದಿಯಲ್ಲಿರುವ ಕೊಡವರಿಗೆ ಅದು ಬೇಕಿಲ್ಲ. ಈ ವಿನಾಯಿತಿ ಶುರುವಾದದ್ದು 1861ರಲ್ಲಿ, ದಂಡು ಪ್ರದೇಶದ ರಸ್ತೆಯೊಂದಕ್ಕೆ ಹೆಸರಾಗಿರುವ, ಆಗ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಅಡಿ ಕೇಂದ್ರ ಸರ್ಕಾರ ಇದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು.

ಒಂದು ಜನಾಂಗಕ್ಕೆ ಮಾತ್ರ ಈ ರಿಯಾಯಿತಿ ಕೊಡುವುದು ಸಮಾನತೆಗೆ ವಿರುದ್ಧವಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ, ಹೈಕೋರ್ಟ್‌ವರೆಗೂ ಹೋಯಿತು. ಆದರೆ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಈ ಹಕ್ಕಿದೆ. ಕೋವಿ ಕೊಡವರ ಆಚರಣೆಯ ಭಾಗವೂ ಹೌದು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ, ಮನೆಯಲ್ಲಿ ಗಂಡುಮಗು ಹುಟ್ಟಿದರೆ ಗುಂಡು ಹಾರಿಸಿ ಊರಿಗೆ ತಿಳಿಸುವುದು ಹಳೆಯ ಪದ್ಧತಿ. ಸ್ವಾತಂತ್ರ್ಯಪೂರ್ವದಿಂದ ನಡೆದುಬಂದಿರುವ ಈ ವಿನಾಯಿತಿ ಅವಧಿಗೂ ಷರತ್ತಿಗೂ ಒಳಪಟ್ಟಿದೆ ಎಂಬುದನ್ನು ಗಮನಿಸಿ 2021ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಹಾಗೆಂದು ಇದು ಅಂಕೆಯಿಲ್ಲದ ಹಕ್ಕಲ್ಲ. ಕೊಡಗಿನ ಹೊರಗೆ, ಅಂದರೆ ಬೆಂಗಳೂರಿನಲ್ಲೂ, ಒಬ್ಬರಿಗೆ ಒಂದು ರೈಫಲ್, 100 ಗುಂಡು. ಜೊತೆಗೆ ಒಂದು ನುಣುಪು ನಳಿಗೆಯ ಕೋವಿ, 500 ತೋಟಾ ಮಾತ್ರ. ಮಿತಿ ಇಷ್ಟು ಸ್ಪಷ್ಟವಾಗಿರುವಾಗ, ಶತಮಾನ ದಾಟಿದ ಹಕ್ಕನ್ನು ಕಿತ್ತುಕೊಳ್ಳಲು ಬರೀ ಅನುಮಾನ ಸಾಲದು.