ಶಾಲೆಯ ವಿಳಾಸ, ವಿದ್ಯಾರ್ಥಿಯ ಪುಟ

ಹಿಂದೆ ನಮ್ಮ ಶಾಲೆ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಹೊರತರುವ ಕೈಬರಹದ ಪತ್ರಿಕೆಗಳಿರುತ್ತಿದ್ದವು. ಇದ್ದದ್ದು ಒಂದೇ ಪ್ರತಿ. ಅದು ವಾಚನಾಲಯದ ಮೇಜಿನ ಮೇಲೆ ಕೈಯಿಂದ ಕೈಗೆ ಹೋಗಿ, ವರ್ಷದ ಕೊನೆಗೆ ಕಪಾಟನ್ನು ಸೇರುತ್ತಿತ್ತು. ಇಂದು ಅದರ ಸ್ಥಾನವನ್ನು ವಿದ್ಯಾರ್ಥಿಯ ಜಾಲತಾಣವು ಪಡೆಯತೊಡಗಿದೆ. ತಾನು ಬರೆದ ಪ್ರಬಂಧ, ಬಿಡಿಸಿದ ಚಿತ್ರ, ಮಾಡಿದ ಪ್ರಯೋಗ ಇವೆಲ್ಲವನ್ನೂ ಒಂದೆಡೆ ಜೋಡಿಸಿ ವಿದ್ಯಾಸಂಸ್ಥೆಯ ಸರ್ವರಿಗೆ ಏರಿಸುವ ಈ ಕೆಲಸವನ್ನು ನಾನು ಹಲವು ವರ್ಷಗಳಿಂದ ವಿದ್ಯಾರ್ಥಿಗಳಿಂದ ಮಾಡಿಸುತ್ತ ಬಂದಿದ್ದೇನೆ. ಆ ಅನುಭವದಿಂದ ಒಂದೆರಡು ಮಾತುಗಳನ್ನು ವಾಚಕರ ಮುಂದಿಡಬಯಸುತ್ತೇನೆ.

ಸರ್ವರ್ ಎಂದರೆ ಹಗಲಿರುಳೂ ಎಚ್ಚರವಾಗಿದ್ದು, ಕೇಳಿದವರಿಗೆ ಕೇಳಿದ ಪುಟವನ್ನು ಕಳುಹಿಸಿಕೊಡುವ ಗಣಕಯಂತ್ರ. ಯುನಿಕ್ಸ್ ಮಾದರಿಯ ಸರ್ವರುಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಖಾತೆಯನ್ನೂ, ಅದರೊಳಗೆ ‘ಪಬ್ಲಿಕ್ ಎಚ್‌ಟಿಎಂಎಲ್’ ಎಂಬ ಫೋಲ್ಡರನ್ನೂ ಕೊಡುವುದು ಅನೇಕ ವಿಶ್ವವಿದ್ಯಾಲಯಗಳ ಹಳೆಯ ರೂಢಿ. ಆ ಫೋಲ್ಡರಿನಲ್ಲಿಟ್ಟದ್ದು ಲೋಕಕ್ಕೆ ಕಾಣುತ್ತದೆ. ಅದರ ಹೊರಗಿಟ್ಟದ್ದು ಕಾಣುವುದಿಲ್ಲ. ನಮ್ಮ ಮನೆಗಳ ಜಗುಲಿಗೂ ನಡುಮನೆಗೂ ಇರುವ ಭೇದವೇ ಇಲ್ಲಿಯೂ ಉಂಟು. ಅಲ್ಲಿನ ಪುಟದ ವಿಳಾಸದಲ್ಲಿ ಮೊದಲು ಸಂಸ್ಥೆಯ ಹೆಸರು, ಅನಂತರ ಅಲೆಯಂತೆ ಬಾಗಿದ ಒಂದು ಚಿಹ್ನೆ, ಅದರ ಬೆನ್ನಿಗೆ ವಿದ್ಯಾರ್ಥಿಯ ಖಾತೆಯ ಹೆಸರು.

ಕಡತಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ‘ಎಫ್‌ಟಿಪಿ’ ಎಂಬ ನಿಯಮಾವಳಿಯ ಮೊದಲ ರೂಪವನ್ನು 1971ರಲ್ಲಿ ಬರೆದವರು ಭಾರತೀಯರಾದ ಅಭಯ್ ಭೂಷಣ್ ಎಂಬುದನ್ನು ನಮ್ಮ ಹುಡುಗರು ತಿಳಿದಿರಬೇಕು. ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಓದಿ 1965ರಲ್ಲಿ ಪದವಿ ಪಡೆದ ಅವರು, ಆ ಕಾಲದಲ್ಲಿ ಅಮೆರಿಕೆಯ ಎಂಐಟಿಯಲ್ಲಿ ವ್ಯಾಸಂಗ ಮಾಡುತ್ತಿದ್ದರು. ಎಫ್‌ಟಿಪಿಯು ಗುಪ್ತಪದವನ್ನು ಮರೆಮಾಡದೆ ಬಯಲಿನಲ್ಲೇ ಒಯ್ಯುತ್ತದೆಯಾದ್ದರಿಂದ, ಈಗ ಅದಕ್ಕೆ ಬದಲಾಗಿ ‘ಎಸ್‌ಎಫ್‌ಟಿಪಿ’ಯನ್ನು ಬಳಸುವುದು ಲೇಸು.

ಏರಿಸಿದ ಪುಟವು ಒಮ್ಮೆಗೇ ಸರಿಯಾಗಿ ಕಾಣಿಸಿಕೊಳ್ಳುವುದು ಅಪೂರ್ವ. ಮನೆಯಲ್ಲಿ ನಳನಳಿಸುತ್ತಿದ್ದ ಚಿತ್ರವು ಸರ್ವರಿನಲ್ಲಿ ಮಾಯವಾಗುತ್ತದೆ. ಚಿತ್ರವಿರುವ ಜಾಗವನ್ನು ವಿದ್ಯಾರ್ಥಿಯು ತನ್ನ ಯಂತ್ರದ ‘ಸಿ’ ಡ್ರೈವಿನ ಹಾದಿಯಿಂದಲೇ ಸೂಚಿಸಿರುತ್ತಾನೆ; ಆ ಹಾದಿ ಪರರ ಯಂತ್ರದಲ್ಲಿ ಇರುವುದೆಲ್ಲಿ? ಮತ್ತೊಂದು ತೊಡಕು ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳದು. ವಿಂಡೋಸ್ ಯಂತ್ರವು ಕಡತದ ಹೆಸರಿನಲ್ಲಿ ಇವೆರಡನ್ನೂ ಸಾಮಾನ್ಯವಾಗಿ ಒಂದೇ ಎಂದು ಎಣಿಸಿದರೆ, ಯುನಿಕ್ಸ್ ಬೇರೆಬೇರೆಯೆಂದು ಎಣಿಸುತ್ತದೆ. ಲಿಪಿಯಲ್ಲಿ ಈ ಭೇದವನ್ನೇ ಅರಿಯದ ಕನ್ನಡದ ಮಕ್ಕಳು ಇಲ್ಲಿ ಎಡವುವುದು ಸಹಜ. ಇನ್ನು, ಹಳೆಯ ಬಗೆಯ ಫಾಂಟಿನಲ್ಲಿ ಬೆರಳಚ್ಚಿಸಿದ ಕನ್ನಡವು, ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಅದರಲ್ಲಿ ಬರೆದದ್ದನ್ನು ಎಲ್ಲಿಯೂ ಓದಬಹುದು.

ಇವೆಲ್ಲ ತಿದ್ದಿಕೊಳ್ಳಬಹುದಾದ ದೋಷಗಳು. ತಿದ್ದಲಾಗದ ನಷ್ಟ ಬೇರೆಯೇ ಇದೆ. ನನ್ನಲ್ಲಿ ಓದಿದ ಹುಡುಗಿಯೊಬ್ಬಳು ತನ್ನ ಅಜ್ಜಿಯ ಬೀಸುವ ಪದಗಳನ್ನು ಬರೆದುಕೊಂಡು, ಅಜ್ಜಿಯ ಧ್ವನಿಯನ್ನೂ ಮುದ್ರಿಸಿಕೊಂಡು, ಅಂದವಾದ ಪುಟಗಳನ್ನು ಕಟ್ಟಿ ಸರ್ವರಿಗೆ ಏರಿಸಿದ್ದಳು. ಒಳ್ಳೆಯ ಅಂಕಗಳು ಬಂದವು. ಓದು ಮುಗಿಸಿ ಹೊರಟುಹೋದಳು. ಕೆಲವು ವರ್ಷಗಳ ಮೇಲೆ ಸಂಸ್ಥೆಯು ಹಳೆಯ ಖಾತೆಗಳನ್ನು ತೆರವು ಮಾಡಿತು. ಆ ವೇಳೆಗೆ ಅಜ್ಜಿಯೂ ತೀರಿಕೊಂಡಿದ್ದರು. ಒಂದು ದಿನ ಅವಳು ಬಂದು, “ಮೇಷ್ಟ್ರೇ, ಅದು ಎಲ್ಲಾದರೂ ಉಳಿದಿದೆಯೇ?” ಎಂದು ಕೇಳಿದಳು. ಹುಡುಕಿದಾಗ ಅವಳದೇ ಹಳೆಯ ಪೆನ್‌ಡ್ರೈವಿನಲ್ಲಿ ಪದಗಳು ಸಿಕ್ಕಿದವು, ಧ್ವನಿ ಸಿಗಲಿಲ್ಲ.

ಲಕ್ಷಾಂತರ ಜನ ತಮ್ಮ ಪುಟಗಳನ್ನಿಟ್ಟಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿದಾಗ ಆದದ್ದೂ ಇದೇ. 1996ರಲ್ಲಿ ಸ್ಥಾಪಿತವಾದ ಇಂಟರ್‌ನೆಟ್ ಆರ್ಕೈವ್ ಮುಂತಾದ ಸಂಸ್ಥೆಗಳ ಶ್ರಮದಿಂದ ಆ ಪುಟಗಳಲ್ಲಿ ಹಲವು ಉಳಿದವು. ಆದರೆ ಶಾಲೆಯ ಸರ್ವರಿನ ಮೂಲೆಯಲ್ಲಿರುವ ಪುಟವನ್ನು ಯಾರು ಕಾಯಬೇಕು? ಸರ್ವರು ಶಾಲೆಯದು, ವಿಳಾಸ ಶಾಲೆಯದು. ಬರಹ ಮಾತ್ರ ವಿದ್ಯಾರ್ಥಿಯದು. ಬಾಡಿಗೆ ಮನೆಯಲ್ಲಿ ನೆಟ್ಟ ಮಲ್ಲಿಗೆಯ ಬಳ್ಳಿಯಂತೆ ಅವನ ಸ್ಥಿತಿ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ವಿನಂತಿ. ಪುಟವನ್ನು ಏರಿಸಲು ಕಲಿಸುವ ದಿನವೇ ಇಳಿಸಿಕೊಳ್ಳುವುದನ್ನೂ ಕಲಿಸಿರಿ. ಒಂದು ಪ್ರತಿ ಸರ್ವರಿನಲ್ಲಿದ್ದರೆ ಇನ್ನೊಂದು ವಿದ್ಯಾರ್ಥಿಯ ಕೈಯಲ್ಲಿರಲಿ, ಮತ್ತೊಂದು ಬೇರೆ ಊರಿನ ಬಂಧುವಿನ ಮನೆಯಲ್ಲಿರಲಿ. ಖಾತೆಗಳನ್ನು ಅಳಿಸುವ ಮುನ್ನ ಸಂಸ್ಥೆಗಳು ಹಳೆಯ ವಿದ್ಯಾರ್ಥಿಗಳಿಗೆ ಒಂದು ಪತ್ರ ಬರೆದು, ಮೂರು ತಿಂಗಳ ಅವಧಿ ಕೊಡಲಿ. ಕೈಬರಹದ ಪತ್ರಿಕೆಗೆ ಕಪಾಟಿನಲ್ಲಿ ಜಾಗ ಮಾಡಿಕೊಟ್ಟ ಶಾಲೆಗೆ ಇಷ್ಟು ಮಾಡುವುದು ಭಾರವಾಗಲಾರದು.