ಪದ್ಯದ ಮುಂದೆ ಮಿದುಳು ಏಕೆ ತಡವರಿಸುತ್ತದೆ?

ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸುವವರಿದ್ದಾರೆ. ಜಮೀನಿನ ಕಾಗದ, ಗಣಿ ಕಂಪನಿಯ ನೋಟಿಸು ಕೈಗೆ ಬಂದರೆ ಓದಿ ಅಕ್ಕಪಕ್ಕದವರಿಗೂ ಬಿಡಿಸಿ ಹೇಳುತ್ತಾರೆ. ಅದೇ ಜನ ವಿಶೇಷಾಂಕದಲ್ಲಿ ಒಂದು ಕವಿತೆ ಎದುರಾದರೆ ‘ಇದು ನಮಗೆ ತಿಳಿಯಂಗಿಲ್ಲ ಬಿಡ್ರಿ’ ಎಂದು ಹಾಳೆ ತಿರುವುತ್ತಾರೆ. ಸಂಡೂರು ತಾಲ್ಲೂಕಿನ ಯಶವಂತನಗರದಲ್ಲೂ, ಹೊಸಪೇಟೆಯಲ್ಲೂ, ಕಂಪ್ಲಿಯಲ್ಲೂ ಈ ಮಾತು ಒಂದೇ. ಹರಿಹರನೂ ರಾಘವಾಂಕನೂ ಕಾವ್ಯ ಬರೆದ ಹಂಪಿಯ ಸುತ್ತಲ ನಾಡಿನಲ್ಲಿ ಈ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ. ಹೇಳಿದವರ ಮೇಲೆ ಸಿಟ್ಟಿಲ್ಲ. ಅವರ ತಲೆಗೆ ಏನೂ ಕೊರತೆಯಿಲ್ಲ ಎಂಬುದಕ್ಕೆ ವಿಜ್ಞಾನದಲ್ಲಿ ಬೇಕಾದಷ್ಟು ಆಧಾರವಿದೆ.

ಮೊದಲ ಆಧಾರ ಹಳೆಯದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಐ. ಎ. ರಿಚರ್ಡ್ಸ್ ತಮ್ಮ ವಿದ್ಯಾರ್ಥಿಗಳಿಗೆ ಕವಿಯ ಹೆಸರು ತಿಳಿಸದೆ ಕವಿತೆಗಳನ್ನು ಕೊಟ್ಟು, ತಿಳಿದದ್ದನ್ನು ಬರೆದು ತರಲು ಹೇಳುತ್ತಿದ್ದರು. ಹೀಗೆ ಹದಿಮೂರು ಕವಿತೆಗಳಿಗೆ ಬಂದ ಬರಹಗಳನ್ನು ಪರಿಶೀಲಿಸಿ 1929ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇಂಗ್ಲಿಷ್ ಸಾಹಿತ್ಯವನ್ನೇ ಆರಿಸಿಕೊಂಡು ಓದುತ್ತಿದ್ದ ಯುವಕ ಯುವತಿಯರಲ್ಲಿ ಅನೇಕರು ಕವಿತೆಯ ನೇರ ಅರ್ಥದಲ್ಲೇ ಎಡವಿದ್ದರು. ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಎಂಬುದೇ ತಪ್ಪಿಹೋಗಿತ್ತು. ರಿಚರ್ಡ್ಸ್ ಪಟ್ಟಿ ಮಾಡಿದ ಹತ್ತು ತೊಡಕುಗಳಲ್ಲಿ ಮೊದಲನೆಯದೇ ಇದು. ಕೇಂಬ್ರಿಡ್ಜಿನಲ್ಲೇ ಹಾಗಾದರೆ ನಮ್ಮೂರಿನ ಓದುಗ ತನ್ನನ್ನು ಹಳಿದುಕೊಳ್ಳಬೇಕಾಗಿಲ್ಲ.

ತೊಡಕು ಕಣ್ಣಿನಿಂದಲೇ ಶುರುವಾಗುತ್ತದೆ. ಓದುವಾಗ ಕಣ್ಣು ಸಾಲಿನ ಮೇಲೆ ಒಂದೇ ಸಮನೆ ಸಾಗುವುದಿಲ್ಲ, ಜಿಗಿದು ನಿಂತು ಜಿಗಿದು ನಿಂತು ಹೋಗುತ್ತದೆ. ಪ್ರತಿ ನಿಲುಗಡೆ ಹೆಚ್ಚುಕಡಿಮೆ ಕಾಲು ಸೆಕೆಂಡು. ಇಂಗ್ಲಿಷ್ ಗದ್ಯವನ್ನು ಚೆನ್ನಾಗಿ ಓದಬಲ್ಲವರಲ್ಲೂ ನೂರಕ್ಕೆ ಹತ್ತು ಹದಿನೈದು ಜಿಗಿತಗಳು ಹಿಂದಕ್ಕೆ ಹೋಗುತ್ತವೆ ಎಂದು ಈ ಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದ ಕೀತ್ ರೇನರ್ ಲೆಕ್ಕ ಹಾಕಿದ್ದರು. ವಾಕ್ಯ ತೊಡಕಾದಷ್ಟೂ ಹಿಂದಕ್ಕೆ ಹೋಗುವುದು ಹೆಚ್ಚು. ಸುದ್ದಿ ಓದುವಾಗ ನಾವು ಬೇಗ ಮುಂದೆ ಸಾಗುವುದು ಮುಂದಿನ ಪದ ಯಾವುದೆಂದು ಮಿದುಳು ಮೊದಲೇ ಊಹಿಸುತ್ತಿರುವುದರಿಂದ. ಊಹೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯರ್ಡ್ 1980ರಲ್ಲಿ ತೋರಿಸಿದರು. ತಲೆಗೆ ವಿದ್ಯುದ್ವಾರಗಳನ್ನು ಅಂಟಿಸಿ, ಕೊನೆಗೆ ಹೊಂದದ ಪದ ಬರುವ ವಾಕ್ಯಗಳನ್ನು ಓದಿಸಿದಾಗ, ಆ ಪದ ಕಂಡು ಸುಮಾರು 400 ಮಿಲಿಸೆಕೆಂಡಿಗೆ ಮಿದುಳಿನ ವಿದ್ಯುತ್ ಅಲೆಯಲ್ಲಿ ಸ್ಪಷ್ಟ ಏರಿಳಿತ ಮೂಡಿತು. ಕವಿಯ ಕಸುಬೇ ನಾವು ನಿರೀಕ್ಷಿಸದ ಪದವನ್ನು ತಂದು ಕೂರಿಸುವುದು. ಹಾಗಾಗಿ ಪದ್ಯ ಓದುವ ಮಿದುಳು ಗದ್ಯ ಓದುವ ಮಿದುಳಿಗಿಂತ ಹೆಚ್ಚು ದುಡಿಯಲೇಬೇಕು. ಅದನ್ನು ಸುದ್ದಿಯ ವೇಗದಲ್ಲೇ ಓದಲು ಹೊರಟರೆ ಅರ್ಥ ಕೈಗೆ ಸಿಗುವುದಿಲ್ಲ.

ಇದು ಎಲ್ಲ ಭಾಷೆಯ ಕಾವ್ಯಕ್ಕೂ ಸಲ್ಲುವ ಮಾತು. ನಮ್ಮ ಹಳೆಯ ಕಾವ್ಯಗಳಲ್ಲಿ ಇನ್ನೊಂದು ಬಿಗಿ ಇದೆ. ರಾಘವಾಂಕ ‘ಹರಿಶ್ಚಂದ್ರಕಾವ್ಯ’ಕ್ಕೆ ಆರಿಸಿಕೊಂಡದ್ದು ವಾರ್ಧಕ ಷಟ್ಪದಿ. ಎಸ್ಸೆಸ್ಸೆಲ್ಸಿ ಪಠ್ಯದಲ್ಲಿ ಮಕ್ಕಳು ಓದಿದ ಲಕ್ಷ್ಮೀಶನ ‘ಜೈಮಿನಿ ಭಾರತ’ವೂ ಅದೇ ಛಂದಸ್ಸಿನದು. ಆರು ಸಾಲು, ಒಟ್ಟು 144 ಮಾತ್ರೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಐದು ಮಾತ್ರೆಯ ನಾಲ್ಕು ಗಣಗಳು. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಅಂಥ ಆರು ಗಣ, ಮೇಲೊಂದು ಗುರು. ಈ ಅಳತೆ ಓದುಗನಿಗೆ ಏನು ಮಾಡುತ್ತದೆ ಎಂದು ತೋರಿಸಲು ಒಂದು ಸಾಲನ್ನು ನಾನೇ ಕಟ್ಟಿದ್ದೇನೆ, ಇದು ಯಾವ ಕಾವ್ಯದ್ದೂ ಅಲ್ಲ:

ಊರಿನಿಂದಾತನಂದಲ್ಲಿಗೈತರುತಿರಲ್

ಒಳಗಿರುವುದು ಐದು ಸರಳ ಪದಗಳು: ಊರಿನಿಂದ, ಆತನು, ಅಂದು, ಅಲ್ಲಿಗೆ, ಐತರುತ್ತಿರಲು. ಅಂದರೆ, ಅವನು ಆ ದಿನ ಊರಿನಿಂದ ಅಲ್ಲಿಗೆ ಬರುತ್ತಿರಲು. ಸಂಧಿ ಐದನ್ನೂ ಒಂದೇ ಎಳೆಯಾಗಿ ಹೊಸೆದುಬಿಟ್ಟಿದೆ. ಈಗ ಗಣ ಹಾಕಿ ನೋಡಿ: ಊರಿನಿಂ, ದಾತನಂ, ದಲ್ಲಿಗೈ, ತರುತಿರಲ್. ಲೆಕ್ಕ ಸರಿಯಾಗಿ 20 ಮಾತ್ರೆ. ಒಳಗಿನ ಗಣಗಳಲ್ಲಿ ಒಂದೂ ಪದ ಮುಗಿಯುವ ಕಡೆ ಮುಗಿಯುವುದಿಲ್ಲ. ಕಣ್ಣಿಗೆ ಪದಗಳ ನಡುವಿನ ಖಾಲಿ ಜಾಗ ಕಾಣುವುದಿಲ್ಲ, ಕಿವಿಗೆ ಕೇಳುವ ತಾಳ ಬೇರೆ ಕಡೆ ತುಂಡರಿಸುತ್ತದೆ, ಅರ್ಥ ಮತ್ತೊಂದು ಕಡೆ ತುಂಡರಿಸಬೇಕು. ಈ ಮೂರನ್ನೂ ಒಟ್ಟಿಗೆ ನಿಭಾಯಿಸಬೇಕಾದದ್ದು ಮನಶ್ಶಾಸ್ತ್ರಜ್ಞರು ಕಾರ್ಯಸ್ಮೃತಿ ಎಂದು ಕರೆಯುವ ಪುಟ್ಟ ಜಾಗ. ಅದರಲ್ಲಿ ಏಕಕಾಲಕ್ಕೆ ಏಳರಷ್ಟು ಘಟಕಗಳು ಹಿಡಿಯುತ್ತವೆ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದಿದ್ದರು. ನೆಲ್ಸನ್ ಕೋವನ್ 2001ರಲ್ಲಿ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಷಟ್ಪದಿಯ ಕ್ರಿಯಾಪದ ಕೆಲವೊಮ್ಮೆ ಆರನೆಯ ಸಾಲಿನ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಬಿಡಿಸದ ಗಂಟುಗಳನ್ನೆಲ್ಲ ಹಿಡಿದಿಟ್ಟುಕೊಳ್ಳುವ ವಿದ್ಯಾರ್ಥಿ ಮೂರನೆಯ ಸಾಲಿಗೇ ಸೋತರೆ ಅದು ಮನುಷ್ಯನ ಮಿದುಳಿನ ಸಹಜ ಮಿತಿ.

ಈ ಮಿತಿಯನ್ನು ನಮ್ಮ ಹಿರಿಯರು ಪ್ರಯೋಗಾಲಯವಿಲ್ಲದೆ ಅರಿತಿದ್ದರು. ಗಮಕ ಎಂಬ ಕಲೆ ನಿಂತಿರುವುದೇ ಅದರ ಮೇಲೆ. ಗಮಕಿ ಪದ್ಯವನ್ನು ರಾಗದಲ್ಲಿ ಹೇಳುತ್ತಾ, ತಾಳಕ್ಕೆ ಕಟ್ಟುಬೀಳದೆ, ಅರ್ಥ ಒಡೆಯುವ ಕಡೆ ದನಿಯನ್ನು ನಿಲ್ಲಿಸುತ್ತಾರೆ. ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಸಂದರ್ಭ ಹೇಳುತ್ತಾರೆ. ಪದ ಬಿಡಿಸುವ ಹೊರೆಯನ್ನು ಗಮಕಿಯ ದನಿ ಹೊರುತ್ತದೆ, ಹಿನ್ನೆಲೆಯ ಹೊರೆಯನ್ನು ವ್ಯಾಖ್ಯಾನ ಹೊರುತ್ತದೆ, ಕೇಳುಗನ ಕಾರ್ಯಸ್ಮೃತಿಗೆ ಕಾವ್ಯವನ್ನು ಅನುಭವಿಸುವಷ್ಟು ಜಾಗ ಉಳಿಯುತ್ತದೆ. ಶಿವಮೊಗ್ಗ ಬಳಿಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಎಷ್ಟೋ ಜನ ಗಮಕ ಎಂದರೇನು ಎಂದು ಕೇಳಿದರು. ಕಾವ್ಯವನ್ನು ಮನಸ್ಸಿನಲ್ಲೇ, ಒಬ್ಬರೇ, ಅಚ್ಚಿನ ಪುಟ ನೋಡಿ ಓದುವುದು ಕನ್ನಡಕ್ಕೆ ತೀರ ಇತ್ತೀಚಿನ ಅಭ್ಯಾಸ. ಕವಿಗಳು ಬರೆದದ್ದು ಕಿವಿಗೆ. ನಾವು ಅದನ್ನು ಕಣ್ಣಿಗೆ ಒಪ್ಪಿಸಿ, ಕಣ್ಣು ಸೋತಾಗ ಓದುಗನನ್ನು ದೂರುತ್ತಿದ್ದೇವೆ.

ಹಿನ್ನೆಲೆಯ ಹೊರೆ ಎಂದೆನಲ್ಲ, ಅದು ಎಷ್ಟು ದೊಡ್ಡದು ಎಂದು ತಿಳಿಯಲು ಈ ಸಾಲುಗಳನ್ನು ಓದಿ. ‘ಮೊದಲು ಎರಡನ್ನೂ ಬೇರೆಬೇರೆ ಇಡಬೇಕು. ಒಟ್ಟು ಸೇರಿಸಿದ ಮೇಲೆ ರಾತ್ರಿಯೆಲ್ಲ ಮುಟ್ಟಬಾರದು. ಚಳಿಗಾಲದಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ಬೆಳಗ್ಗೆ ಎತ್ತರ ನೋಡಿದರೆ ಸಾಕು, ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಉಪ್ಪಿನ ಬಗ್ಗೆ ಮನೆಗೊಂದು ಅಭಿಪ್ರಾಯವಿದೆ.’ ಪದಗಳೆಲ್ಲ ಗೊತ್ತಿರುವವೇ, ಆದರೂ ಮನಸ್ಸು ನೆಲೆ ನಿಲ್ಲುವುದಿಲ್ಲ. ಇದಕ್ಕೆ ‘ದೋಸೆ ಹಿಟ್ಟು’ ಎಂಬ ಶೀರ್ಷಿಕೆ ಕೊಟ್ಟು ಇನ್ನೊಮ್ಮೆ ಓದಿ. ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ 1972ರಲ್ಲಿ ಇಂಥದ್ದೇ ಪ್ರಯೋಗ ಮಾಡಿದರು. ಅವರ ಗದ್ಯಭಾಗ ಬಟ್ಟೆ ಒಗೆಯುವುದರ ಬಗ್ಗೆ ಇತ್ತು. ವಿಷಯವನ್ನು ಮೊದಲೇ ತಿಳಿದವರು ಉಳಿದವರಿಗಿಂತ ಸುಮಾರು ಎರಡು ಪಟ್ಟು ನೆನಪಿಟ್ಟುಕೊಂಡರು. ಕೇಳಿ ಮುಗಿದ ಮೇಲೆ ವಿಷಯ ತಿಳಿದವರಿಗೆ ಅದರಿಂದ ಪ್ರಯೋಜನವೇ ಆಗಲಿಲ್ಲ. ಪಾಠದ ಕೊನೆಗೆ ಸಾರಾಂಶ ಬರೆಸುವ ನಮ್ಮ ಪದ್ಧತಿಯ ಬಗ್ಗೆ ಇದಕ್ಕಿಂತ ಖಡಕ್ಕಾದ ವಿಮರ್ಶೆ ನನಗೆ ಗೊತ್ತಿಲ್ಲ. ಹಿನ್ನೆಲೆ ಮೊದಲು ಬೇಕು.

1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅಮೆರಿಕದ ಶಾಲೆಯೊಂದರ ಮಕ್ಕಳಿಗೆ ಬೇಸ್‌ಬಾಲ್ ಆಟದ ವಿವರಣೆ ಓದಿಸಿದರು. ಓದಿನಲ್ಲಿ ಹಿಂದುಳಿದವರಾದರೂ ಆಟ ಬಲ್ಲ ಮಕ್ಕಳು, ಚೆನ್ನಾಗಿ ಓದುವ ಆದರೆ ಆಟ ತಿಳಿಯದ ಮಕ್ಕಳಿಗಿಂತ ಹೆಚ್ಚು ಗ್ರಹಿಸಿದ್ದರು. ನಮ್ಮ ಕಡೆ ಇದಕ್ಕೆ ಸರಿಸಾಟಿಯಾದ ವಿಷಯ ಕುಮಾರರಾಮನ ಕಥೆ. ನಂಜುಂಡ ಕವಿ ಅದನ್ನು ಸಾಂಗತ್ಯದಲ್ಲಿ ಬರೆದಿದ್ದಾನೆ. ಕಂಪ್ಲಿಯ, ಸಂಡೂರಿನ ಬೆಟ್ಟಗಳ ಕಡೆಯ ಹಿರಿಯರಿಗೆ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದದ್ದು, ಅಲ್ಲಿಂದ ಅನಾಹುತ ಹುಟ್ಟಿದ್ದು, ಮಂತ್ರಿ ಬೈಚಪ್ಪ ಕುಮಾರನನ್ನು ಉಳಿಸಿದ್ದು ಎಲ್ಲ ಬಾಯಲ್ಲೇ ಇದೆ. ಅಂಥವರ ಮುಂದೆ ಆ ಸಾಂಗತ್ಯ ಓದಿದರೆ, ಕಥೆ ತಿಳಿಯದ ಬೇರೆ ಊರಿನ ಪದವೀಧರನಿಗಿಂತ ಅವರೇ ಮುಂದಿರುತ್ತಾರೆ ಎಂದು ನಾನು ನಂಬುತ್ತೇನೆ.

ಹೊಸ ಕವಿತೆಯಲ್ಲಿ ಸಂಧಿಯ ಗಂಟು ಇಲ್ಲ, ಪದಗಳೂ ದಿನಬಳಕೆಯವೇ. ಅಲ್ಲಿ ಕಷ್ಟ ಪದಗಳ ನಡುವೆ ಇದೆ. ಗದ್ಯ ‘ಆದ್ದರಿಂದ’, ‘ಹೀಗಿದ್ದರೂ’ ಎಂಬ ಕೊಂಡಿಗಳನ್ನು ಹಾಕುತ್ತಾ ಹೋಗುತ್ತದೆ. ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ದಂಥ ಕವಿತೆಗಳು ಆ ಕೊಂಡಿಗಳನ್ನು ತೆಗೆದು, ಒಂದು ಚಿತ್ರದ ಪಕ್ಕದಲ್ಲಿ ಇನ್ನೊಂದನ್ನು ಇಡುತ್ತವೆ. ನಡುವಿನ ಕೊಂಡಿ ಓದುಗನೇ ಹಾಕಬೇಕು. ರೂಪಕದ ಕಥೆಯೂ ಹಾಗೆಯೇ. ‘ಹೊಟ್ಟೆ ಉರಿಯಿತು’ ಎಂದಾಗ ಯಾರೂ ಬೆಂಕಿ ಹುಡುಕುವುದಿಲ್ಲ, ಬಳಸಿ ಬಳಸಿ ಅದು ನೇರ ಅರ್ಥವೇ ಆಗಿದೆ. ಹೊಸ ರೂಪಕವನ್ನು ಮಿದುಳು ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿಯೇ ಬಿಡಿಸಬೇಕು, ಹಳತನ್ನು ಸಿದ್ಧ ಅರ್ಥವಾಗಿ ಎತ್ತಿಕೊಳ್ಳುತ್ತದೆ ಎಂದು ಬ್ರಯನ್ ಬೌಡಲ್ ಮತ್ತು ಡೆಡ್ರಿ ಜೆಂಟ್ನರ್ 2005ರಲ್ಲಿ ವಾದಿಸಿದರು. ಹೋಲಿಕೆಗೆ ಸಮಯ ಬೇಕು. ಮನಸ್ಸಿನಲ್ಲಿ ಚಿತ್ರವೇ ಮೂಡದವರೂ ನಮ್ಮ ನಡುವೆ ಇದ್ದಾರೆ. 2015ರಲ್ಲಿ ಆಡಮ್ ಝೀಮನ್ ಈ ಸ್ಥಿತಿಗೆ ಅಫ್ಯಾಂಟೇಸಿಯಾ ಎಂಬ ಹೆಸರು ಕೊಟ್ಟರು. ಅಂಥವರಿಗೆ ಚಿತ್ರಗಳೇ ತುಂಬಿದ ಕವಿತೆಗಿಂತ ನಾದದ ಕವಿತೆ ಹತ್ತಿರವಾದೀತು. ಬೇಂದ್ರೆಯವರನ್ನು ಕೈಗೆತ್ತಿಕೊಳ್ಳಲಿ.

ಎಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ರೋಲ್ಫ್ ಜ್ವಾನ್ 1994ರಲ್ಲಿ ಪ್ರಕಟಿಸಿದ ಅಧ್ಯಯನ. ಒಂದೇ ಬರಹವನ್ನು ಕೆಲವರಿಗೆ ಪತ್ರಿಕೆಯ ವರದಿ ಎಂದೂ ಕೆಲವರಿಗೆ ಸಾಹಿತ್ಯ ಎಂದೂ ಹೇಳಿ ಕೊಟ್ಟರು. ಸಾಹಿತ್ಯ ಎಂದುಕೊಂಡವರು ನಿಧಾನವಾಗಿ ಓದಿದರು, ಬಳಸಿದ ಪದಗಳನ್ನು ಹೆಚ್ಚು ನೆನಪಿಟ್ಟುಕೊಂಡರು. ವರದಿ ಎಂದುಕೊಂಡವರು ಸಂದರ್ಭವನ್ನು ಗ್ರಹಿಸಿ ಪದಗಳನ್ನು ಮರೆತರು. ಎರಡೂ ಬಗೆಯ ಓದು ನಮ್ಮ ಕೈಯಲ್ಲೇ ಇದೆ, ಯಾವುದನ್ನು ಎತ್ತಿಕೊಳ್ಳಬೇಕೆಂದು ತಿಳಿಯಬೇಕಷ್ಟೆ. ಜರ್ಮನಿಯ ಫ್ರಾಂಕ್‌ಫರ್ಟಿನ ವಿನ್‌ಫ್ರೀಡ್ ಮೆನ್ನಿಂಗ್‌ಹೌಸ್ ಮತ್ತು ಸಂಗಡಿಗರು ಗಾದೆಗಳನ್ನು ಪರೀಕ್ಷಿಸಿ 2015ರಲ್ಲಿ ಇನ್ನೊಂದು ಸಂಗತಿ ಕಂಡುಕೊಂಡರು. ಪ್ರಾಸ, ಲಯ ಇದ್ದಾಗ ಮಾತಿನ ಓಟ ಸಲೀಸಾಗುತ್ತದೆ, ಅರ್ಥ ಹಿಡಿಯುವುದು ಮಾತ್ರ ಕೊಂಚ ಕಷ್ಟವಾಗುತ್ತದೆ. ಆ ಕಷ್ಟ ಕಾವ್ಯದ ಸ್ವಭಾವದಲ್ಲೇ ಇದೆ. ಮೊದಲ ಓದಿಗೆ ತಿಳಿಯಲಿಲ್ಲ ಎಂದರೆ ಓದು ಶುರುವಾಗಿದೆ ಎಂದೇ ಅರ್ಥ.

ನಮ್ಮ ಭಾಗದ ಮಕ್ಕಳಿಗೆ ಇನ್ನೂ ಒಂದು ಹೊರೆಯಿದೆ. ತಾಂಡಾಗಳಲ್ಲಿ ಲಂಬಾಣಿ, ಬೇರೆ ಮನೆಗಳಲ್ಲಿ ತೆಲುಗು, ಉರ್ದು, ಮರಾಠಿ. ಪುಸ್ತಕದ ಕನ್ನಡ ಅವರಿಗೆ ಶಾಲೆಯಲ್ಲಿ ಸಿಕ್ಕ ಭಾಷೆ. ಕನ್ನಡದ ಕಾಗುಣಿತ, ಒತ್ತಕ್ಷರಗಳು ಪೂರ್ತಿ ಕೈವಶವಾಗಲು ಹಲವು ವರ್ಷ ಹಿಡಿಯುತ್ತದೆ ಎಂದು ಸೊನಾಲಿ ನಾಗ್ ಕನ್ನಡ ಶಾಲೆಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಅಕ್ಷರ ಕೂಡಿಸುವುದಕ್ಕೇ ಗಮನವೆಲ್ಲ ಖರ್ಚಾದ ಮಗುವಿನ ಮುಂದೆ ಷಟ್ಪದಿ ಇಟ್ಟು ‘ಭಾವಾರ್ಥ ಬರೆ’ ಎನ್ನುವುದು ಅನ್ಯಾಯ.

ಇದೇ ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ಈರಮ್ಮ ಇದ್ದರು, ಬುರ್ರಕಥೆಯ ಈರಮ್ಮ. 2014ರಲ್ಲಿ ತೀರಿಕೊಂಡರು. ಅಕ್ಷರ ಕಲಿತವರಲ್ಲ. ಹನ್ನೆರಡು ಜನಪದ ಮಹಾಕಾವ್ಯಗಳನ್ನು ಹಾಡುತ್ತಿದ್ದರು, ಅಚ್ಚು ಹಾಕಿಸಿದರೆ ಸುಮಾರು 7,000 ಪುಟ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ಕೇಳಲು ಕುಳಿತವರಲ್ಲಿಯೂ ಬಹುಪಾಲು ಓದು ಬಾರದವರು, ಆದರೂ ಕಾವ್ಯ ಅವರಿಗೆ ದಕ್ಕುತ್ತಿತ್ತು. ಇಂಥ ಹಾಡುಗಾರರು ಸಿದ್ಧ ನುಡಿಗಟ್ಟುಗಳನ್ನು ಮತ್ತೆ ಮತ್ತೆ ಬಳಸುತ್ತಾ ಕಥೆ ಕಟ್ಟುತ್ತಾರೆ ಎಂದು ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯಾದ ಹಾಡುಗಾರರ ನಡುವೆ ಕಂಡುಕೊಂಡಿದ್ದರು. ಪುನರಾವರ್ತನೆ ಹಾಡುವವರಿಗೆ ಆಸರೆ, ಕೇಳುವವರಿಗೆ ಉಸಿರಾಡಲು ಬಿಡುವು. ಅಚ್ಚಿನ ಕವಿತೆಯಲ್ಲಿ ಆ ಬಿಡುವು ಇಲ್ಲ, ಅದನ್ನು ಓದುಗನೇ ಮಾಡಿಕೊಳ್ಳಬೇಕು. ಅಂದರೆ ಎರಡನೆಯ, ಮೂರನೆಯ ಸಲ ಓದಬೇಕು.

ಶಿಕ್ಷಕ ಮಿತ್ರರಲ್ಲಿ ನನ್ನ ಮನವಿ ಇದು. ಪದ್ಯದ ಮೊದಲ ತರಗತಿಯಲ್ಲಿ ಪ್ರಶ್ನೆ ಬೇಡ. ಕಥೆ ಹೇಳಿ, ಯಾರು ಯಾರೊಡನೆ ಮಾತಾಡುತ್ತಿದ್ದಾರೆಂದು ತಿಳಿಸಿ, ಆಮೇಲೆ ಅರ್ಥ ಒಡೆಯುವ ಕಡೆ ನಿಲ್ಲಿಸುತ್ತಾ ಗಟ್ಟಿಯಾಗಿ ಓದಿ. ರಾಗ ಬಾರದಿದ್ದರೂ ಸರಿ. ಈರಮ್ಮನವರ ಹಾಡಿಕೆಯ ದಾಖಲೆಗಳನ್ನು ತಾಲ್ಲೂಕಿನ ಪ್ರತಿ ಶಾಲೆಗೂ ತಲುಪಿಸಿ. ‘ತಿಳಿಯಂಗಿಲ್ಲ’ ಎಂದು ಹಾಳೆ ತಿರುವುವ ಓದುಗರೇ, ಮುಂದಿನ ವಿಶೇಷಾಂಕದಲ್ಲಿ ಒಂದೇ ಒಂದು ಕವಿತೆ ಆರಿಸಿಕೊಳ್ಳಿ, ಮನೆಯವರಿಗೆ ಕೇಳುವಂತೆ ಎರಡು ಸಲ ಓದಿ, ಮಾರನೆಯ ದಿನ ಇನ್ನೊಂದು ಸಲ ಓದಿ.